ಎಲ್ಲರ ಪಟ್ಟಿಯೂ ಒಂದನೇ ಕೌಂಟರಿನಲ್ಲಿ

ಶಿರಸಿಯ ಒಂದು ಅಡಿಕೆ ವ್ಯವಹಾರದ ಸಂಘದಲ್ಲಿ ನಾನು ಕಂಪ್ಯೂಟರ್ ನೋಡಿಕೊಳ್ಳುವವನು. ನಮ್ಮ ಲೆಕ್ಕದ ಸಾಫ್ಟ್‌ವೇರ್ ಹಳೇ ಕಾಲದ್ದು. ಕಪ್ಪು ಪರದೆ, ಬಿಳಿ ಅಕ್ಷರ, ಮೌಸ್‌ಗೆ ಕೆಲಸವೇ ಇಲ್ಲ. ಅದು ಇರುವುದು ಒಳಗಿನ ಕೋಣೆಯ ಲಿನಕ್ಸ್ ಸರ್ವರ್‌ನಲ್ಲಿ. ಕೌಂಟರಿನ ವಿಂಡೋಸ್ ಕಂಪ್ಯೂಟರ್‌ಗಳಲ್ಲಿ ಪುಟ್ಟಿ ಎಂಬ ಚಿಕ್ಕ ಪ್ರೋಗ್ರಾಂ ತೆರೆದರೆ ಅವೇ ಟರ್ಮಿನಲ್, ಅಂದರೆ ಆ ಸರ್ವರ್‌ನ ಪರದೆ ಮತ್ತು ಕೀಬೋರ್ಡ್. ಹೊಸದಾಗಿ ಸೇರಿದವರು ಇದನ್ನು ನೋಡಿ ನಗುತ್ತಾರೆ. ಅಡಿಕೆ ಖರೀದಿಯ ಟೆಂಡರ್ ಮುಗಿದು ಜನ ಸಾಲಾಗಿ ನಿಂತ ದಿನ ಮಾತ್ರ ಯಾರೂ ನಗುವುದಿಲ್ಲ, ಅಷ್ಟು ಬೇಗ ಓಡುತ್ತದೆ.

ಪುಟ್ಟಿಯಲ್ಲಿ ಒಂದೊಂದು ಸಂಪರ್ಕಕ್ಕೂ ಒಂದು ಪ್ರೊಫೈಲ್ ಉಳಿಸಿಡಬಹುದು. ಸರ್ವರ್ ವಿಳಾಸ, ಪೋರ್ಟ್ 22, ಬ್ಯಾಕ್‌ಸ್ಪೇಸ್ ಒತ್ತಿದರೆ ಏನು ಹೋಗಬೇಕು, ಎಫ್ ಕೀಗಳು ಯಾವ ನಮೂನೆ ಎಲ್ಲವೂ ಅದರಲ್ಲೇ. ಬ್ಯಾಕ್‌ಸ್ಪೇಸ್ ಸಣ್ಣ ವಿಷಯ ಅನ್ನಿಸಬಹುದು. ಪುಟ್ಟಿ ತಾನಾಗಿ ಕಳಿಸುವುದು 127ನೇ ಸಂಕೇತ, ನಮ್ಮ ಸಾಫ್ಟ್‌ವೇರ್ ಕೇಳುವುದು ಕಂಟ್ರೋಲ್-ಎಚ್. ಅದನ್ನು ಬದಲಿಸದಿದ್ದರೆ ಹೆಸರು ತಿದ್ದಲು ಹೋದವರ ಪರದೆ ತುಂಬಾ ಪ್ರಶ್ನೆ ಚಿಹ್ನೆ!

ಇನ್ನು ಪ್ರಿಂಟ್. ಪಟ್ಟಿ ಅಂದರೆ ಅಡಿಕೆ ತಂದವರಿಗೆ ಕೊಡುವ ತೂಕ, ದರ, ಮೊತ್ತದ ಚೀಟಿ. ಅದಕ್ಕೆ ಮೂರು ಪ್ರತಿ ಬೇಕು, ಕಾರ್ಬನ್ ಮೇಲೆ ಒತ್ತಬೇಕು. ಹಾಗಾಗಿ ಡಾಟ್ ಮ್ಯಾಟ್ರಿಕ್ಸೇ ಗತಿ. ಸರ್ವರ್ ಪರದೆಗೆ ಕಳಿಸುವ ಅಕ್ಷರಗಳ ನಡುವೆಯೇ 'ಇಲ್ಲಿಂದ ಪ್ರಿಂಟ್' ಅನ್ನುವ ಒಂದು ಗುಪ್ತ ಸಂಕೇತ ಬರುತ್ತದೆ, ಪಟ್ಟಿ ಮುಗಿದ ಮೇಲೆ 'ಸಾಕು' ಅನ್ನುವ ಇನ್ನೊಂದು. ನಡುವೆ ಬಂದದ್ದನ್ನು ಪುಟ್ಟಿ ಪರದೆಗೆ ತೋರಿಸದೆ ಪ್ರಿಂಟರಿಗೆ ದಾಟಿಸುತ್ತದೆ. ಯಾವ ಪ್ರಿಂಟರಿಗೆ? ಪ್ರೊಫೈಲ್‌ನಲ್ಲಿ ಬರೆದಿಟ್ಟ ಹೆಸರಿನ ಪ್ರಿಂಟರಿಗೆ. ನಾನು ಎಡವಿದ್ದು ಇಲ್ಲೇ.

ಒಂದು ವಾರ ಎರಡನೇ ಕೌಂಟರಿನ ಪ್ರಿಂಟರ್ ಹೆಡ್ ಕೆಟ್ಟು ರಿಪೇರಿಗೆ ಹೋಗಿತ್ತು. ಒಂದನೇ ಕೌಂಟರಿನ ಪ್ರಿಂಟರನ್ನು ನೆಟ್‌ವರ್ಕ್‌ನಲ್ಲಿ ಶೇರ್ ಮಾಡಿ, ಕಷ್ಟಕಾಲಕ್ಕೆ ಇರಲಿ ಅಂತ ಮೊದಲೇ ಎಲ್ಲಾ ಕಂಪ್ಯೂಟರ್‌ಗಳಿಗೂ ಸೇರಿಸಿಟ್ಟಿದ್ದೆ. ಎರಡನೇ ಕೌಂಟರಿನ ಪ್ರೊಫೈಲ್ ತೆಗೆದು ಆ ಹೆಸರು ಹಾಕಿದೆ. ಕೆಲಸ ನಡೆಯಿತು. ಪ್ರಿಂಟರ್ ವಾಪಸ್ ಬಂದಾಗ ಹೆಸರು ಬದಲಿಸುವುದು ಮರೆತೇ ಹೋಯಿತು. ಪಕ್ಕದ ಮೇಜಿನಿಂದಲೇ ಕಾಗದ ಹರಿದುಕೊಳ್ಳುತ್ತಿದ್ದ ಗುಮಾಸ್ತರೂ ಏನೂ ಹೇಳಲಿಲ್ಲ.

ಮುಂದೆ ಮೂರು ಹೊಸ ಕಂಪ್ಯೂಟರ್ ಬಂದವು. ಒಂದೊಂದರಲ್ಲೂ ಮೊದಲಿಂದ ಯಾಕೆ ತುಂಬಬೇಕು ಅಂತ ವಿಂಡೋಸ್ ಸೆಟ್ಟಿಂಗ್‌ಗಳನ್ನು ಇಡುವ ರಿಜಿಸ್ಟ್ರಿಯಿಂದ ಪುಟ್ಟಿಯ ಭಾಗವನ್ನು ಫೈಲ್ ಮಾಡಿ ಒಯ್ದು ಹಾಕಿದೆ. ಯಾವ ಕೌಂಟರಿನದ್ದು? ಎರಡನೆಯದ್ದು.

ಮಾರನೇ ದಿನ ಸಂಜೆ ಐದನೇ ಕೌಂಟರಿನ ಎದುರು ಹೆಗಲಿಗೆ ಟವೆಲ್ ಹಾಕಿಕೊಂಡ ಅಜ್ಜ ಒಬ್ಬರು ನಿಂತಿದ್ದರು. "ತಮಾ, ಪಟ್ಟಿ ಇನ್ನೂ ಆಜಿಲ್ಯಾ?" ಗುಮಾಸ್ತರು ಬಂದಿಲ್ಲ ಅಂತ ಮೂರು ಸಲ ಒತ್ತಿದ್ದರು. ಒಂದನೇ ಕೌಂಟರಿನಲ್ಲಿ ಕಾಗದ ಉದ್ದಕ್ಕೆ ಇಳಿದು ನೆಲ ಮುಟ್ಟಿತ್ತು. ಅಜ್ಜನ ರಾಶಿ ಅಡಿಕೆಯ ತೂಕ, ದರ, ಕೈಗೆ ಬರುವ ಮೊತ್ತ ಎಲ್ಲವನ್ನೂ ಅಲ್ಲಿ ನಿಂತವರು ಓದಿಯಾಗಿತ್ತು. "ಓಹೋ, ನಿಮ್ಮದಕ್ಕೆ ಇಷ್ಟು ದರ ಬಿತ್ತಾ" ಅಂತ ಒಬ್ಬರು ಕೇಳಿಯೂ ಬಿಟ್ಟರು. ಅಜ್ಜ ನಕ್ಕರು, ಆದರೆ ಮುಖ ಚಿಕ್ಕದಾಗಿತ್ತು. ಯಾರ ದರ ಎಷ್ಟು ಅನ್ನುವುದು ನಮ್ಮ ಕಡೆ ಸಣ್ಣ ಸಂಗತಿಯಲ್ಲ. ಹೋಗಿ ಕ್ಷಮೆ ಕೇಳಿದೆ.

ಅವತ್ತು ಹೆಸರುಗಳನ್ನು ಒಂದೊಂದಾಗಿ ತಿದ್ದಿ ಮನೆಗೆ ಹೋದೆ. ರಾತ್ರಿ ಯೋಚಿಸಿದಾಗ ಅನ್ನಿಸಿತು, ಇದು ಮುಂದಿನ ಕಂಪ್ಯೂಟರ್ ಬಂದಾಗ ಮತ್ತೆ ಆಗುವುದೇ. ತಪ್ಪು ನಕಲು ಮಾಡಿದ್ದರಲ್ಲಿ ಇರಲಿಲ್ಲ, ಹೆಸರಿನಲ್ಲಿತ್ತು. ವಿಂಡೋಸ್ ಪ್ರಿಂಟರಿಗೆ ಮಾಡೆಲ್ ನಂಬರನ್ನೇ ಹೆಸರು ಮಾಡುತ್ತದೆ, ನಾವೂ ಹಾಗೇ ಬಿಡುತ್ತೇವೆ. ಮಾರನೇ ದಿನ ಪ್ರತಿ ಕೌಂಟರಿನಲ್ಲೂ ಅದರದ್ದೇ ಪ್ರಿಂಟರಿಗೆ 'ಪಟ್ಟಿ' ಅಂತ ಒಂದೇ ಹೆಸರಿಟ್ಟೆ. ಪ್ರೊಫೈಲ್‌ನಲ್ಲೂ 'ಪಟ್ಟಿ'. ಈಗ ಯಾವ ಕಂಪ್ಯೂಟರಿನ ಫೈಲ್ ಎಲ್ಲಿಗೆ ಒಯ್ದರೂ ಅದು ಆಯಾ ಮೇಜಿನ ಪ್ರಿಂಟರನ್ನೇ ಹುಡುಕುತ್ತದೆ. ಪ್ರಿಂಟರ್ ಕೆಟ್ಟರೆ 'ಪಟ್ಟಿ-ಪಕ್ಕದ್ದು' ಅನ್ನುವ ಬೇರೆ ಪ್ರೊಫೈಲ್ ಇದೆ, ಅದರ ಪರದೆಯ ಬಣ್ಣ ಕಡು ಕೆಂಪು. ದಿನವಿಡೀ ಕೆಂಪು ನೋಡುತ್ತಾ ಕೂತವರು ಸುಮ್ನೆ ಇರುವುದಿಲ್ಲ, ನನ್ನನ್ನು ಕರೆದೇ ಕರೆಯುತ್ತಾರೆ.

ಒಂದು ಸಣ್ಣ ತೊಡಕು ಉಳಿದಿದೆ. ಪುಟ್ಟಿ ಈ ಪ್ರೊಫೈಲ್‌ಗಳನ್ನು ಆಯಾ ವಿಂಡೋಸ್ ಬಳಕೆದಾರರ ಖಾತೆಯಲ್ಲಿ ಇಡುತ್ತದೆ. ಬೇರೆಯವರು ತಮ್ಮ ಹೆಸರಲ್ಲಿ ಲಾಗಿನ್ ಆದರೆ ಪಟ್ಟಿಯೂ ಇಲ್ಲ, ಸರ್ವರೂ ಇಲ್ಲ, ಎಲ್ಲಾ ಖಾಲಿ. ಅದಕ್ಕೇ ಆ ಫೈಲ್ ಈಗ ಎಲ್ಲಾ ಕಂಪ್ಯೂಟರಿನ ಡಿ ಡ್ರೈವ್‌ನಲ್ಲೂ ಇದೆ, ಡಬಲ್ ಕ್ಲಿಕ್ ಮಾಡಿದರೆ ಸಾಕು.

ಕುಮಟಾ ಶಾಖೆಯ ಎರಡು ಕಂಪ್ಯೂಟರ್ ಮಾತ್ರ ಇನ್ನೂ ಹಳೇ ಹೆಸರಲ್ಲೇ ಇವೆ. ಮುಂದಿನ ಸಲ ಘಟ್ಟ ಇಳಿದಾಗ ಮಾಡಬೇಕು.