ಮಳೆಯಲ್ಲೂ ಸೈಕಲ್ಲೇ

ನೆದರ್ಲೆಂಡ್ಸ್‌ನ ಉಟ್ರೆಕ್ಟ್ ನಗರದಲ್ಲಿ ಬೆಳಗ್ಗೆಯಿಂದ ಜಿಟಿಜಿಟಿ ಮಳೆ. ಸೈಕಲ್ಲಿನ ಮುಂದಿನ ಪೆಟ್ಟಿಗೆಯಲ್ಲಿ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಒಬ್ಬ ತಾಯಿ ಆರಾಮಾಗಿ ತುಳಿಯುತ್ತಾ ಹೋದರು. ಹೆಲ್ಮೆಟ್ಟೂ ಇಲ್ಲ, ಅವಸರವೂ ಇಲ್ಲ. ನಾನು ಮಾತ್ರ ಸೈಕಲ್ ಮನೆಯಲ್ಲಿ ಬಿಟ್ಟು, ಕೊಡೆ ಹಿಡಿದು ಬಸ್ಸಿಗೆ ಕಾಯುತ್ತಿದ್ದೆ!

ಇಲ್ಲಿನ ರೈಲು ನಿಲ್ದಾಣದ ಪಕ್ಕ, ನೆಲದಡಿ ಸುಮಾರು 12,500 ಸೈಕಲ್ ನಿಲ್ಲಿಸಬಹುದು. ಮೊದಲ 24 ಗಂಟೆ ಪುಕ್ಕಟೆ. ಹೋದ ವಾರ ನನ್ನದನ್ನು ಎಲ್ಲಿಟ್ಟೆ ಅಂತ ಮರೆತು ಅರ್ಧ ಗಂಟೆ ಹುಡುಕಿದೆ. ಸುತ್ತ ಎಲ್ಲವೂ ಕಪ್ಪು, ಎಲ್ಲವೂ ಹಳೇವು. ಕಳ್ಳರ ಕಾಟ ಇದೆಯಲ್ವಾ, ಹೊಸದು ಯಾಕೆ ಬೇಕು?

ಈ ಸೈಕಲ್ ಪ್ರೀತಿ ಇಲ್ಲಿನ ಜನರ ಹುಟ್ಟುಗುಣ ಅಂದುಕೊಂಡಿದ್ದೆ. ಹಾಗೇನಿಲ್ಲ. 1970ರ ದಶಕದಲ್ಲಿ ಮಕ್ಕಳು ಕಾರುಗಳಿಗೆ ಬಲಿಯಾಗುತ್ತಿದ್ದಾಗ ಜನ ಬೀದಿಗಿಳಿದು ಜಗಳ ಮಾಡಿದ್ದಾರೆ. ಸೈಕಲ್ ದಾರಿಗಳು ಸುಮ್ನೆ ಬಂದಿಲ್ಲ.

ಬಸ್ಸು ಇನ್ನೂ ಬಂದಿಲ್ಲ.