ಚಿಟ್ಟಿ ಇಡುವುದು, ಒಂದೇ ಸ್ಲೈಡಿನಲ್ಲಿ

ನಮ್ಮ ಬದಿಯಡ್ಕ ಕಡೆಯ ಮಕ್ಕಳು ಯಕ್ಷಗಾನ ಆಟ ನೋಡದವರೇನಲ್ಲ, ಆದರೆ ಬಣ್ಣ ಹಚ್ಚುವ ಚೌಕಿಯೊಳಗೆ ಕೂತವರು ಕಡಿಮೆ. ರಾಕ್ಷಸರಂಥ ಬಣ್ಣದ ವೇಷದ ಮುಖಕ್ಕೆ ಅಕ್ಕಿಹಿಟ್ಟು, ಸುಣ್ಣ ಕಲಸಿದ ಚಿಟ್ಟಿ, ಅಂದರೆ ಉಬ್ಬಿದ ಬಿಳಿ ಚುಕ್ಕೆಗಳನ್ನು ಇಡಲು ಗಂಟೆಗಟ್ಟಲೆ ಬೇಕು. ಕ್ಲಾಸಿನಲ್ಲಿ ತೋರಿಸಲೆಂದು ಟ್ರೈಪಾಡ್ ಕದಲಿಸದೆ ಹಂತಹಂತವಾಗಿ ಫೋಟೋ ತೆಗೆದಿಟ್ಟಿದ್ದೆ.

ನನ್ನ ಪಾಠವೆಲ್ಲ ಮಾರ್ಕ್‌ಡೌನ್ ಎಂಬ ಸರಳ ಪಠ್ಯರೂಪದಲ್ಲಿ. ಕಡತದ ರೂಪ ಬದಲಿಸುವ ಪ್ಯಾಂಡಾಕ್ ಎಂಬ ತಂತ್ರಾಂಶ ಅದನ್ನು ರಿವೀಲ್‌ಜೆಎಸ್ ಸ್ಲೈಡು, ಅಂದರೆ ಬ್ರೌಸರಿನಲ್ಲಿ ತೆರೆಯುವ ಸ್ಲೈಡು ಮಾಡಿಕೊಡುತ್ತದೆ. (ಪ್ಯಾಂಡಾಕ್ ಬರೆದ ಜಾನ್ ಮ್ಯಾಕ್‌ಫರ್ಲೇನ್ ತತ್ತ್ವಶಾಸ್ತ್ರದ ಪ್ರೊಫೆಸರ್, ಗೊತ್ತುಂಟಾ?) ರಿವೀಲ್‌ನಲ್ಲಿ ಆರ್-ಸ್ಟ್ಯಾಕ್ ಎಂಬ ಕ್ಲಾಸ್ (ಹೇಗೆ ಕಾಣಬೇಕೆಂದು ಹೇಳುವ ಗುರುತು) ಉಂಟು. ಅದರೊಳಗಿನ ಚಿತ್ರಗಳು ಒಂದರ ಮೇಲೊಂದು ಕೂರುತ್ತವೆ. ಒಂದೊಂದಕ್ಕೂ ಫ್ರಾಗ್ಮೆಂಟ್ ಕ್ಲಾಸ್ ಕೊಟ್ಟರೆ ಬಟನ್ ಒತ್ತಿದ ಹಾಗೆ ಮುಂದಿನದು ಹಿಂದಿನದನ್ನು ಮುಚ್ಚುತ್ತದೆ. ತೊಡಕು ಎಲ್ಲೆಂದರೆ, ಸಾಲಾಗಿ ಬರೆದ ಚಿತ್ರಗಳನ್ನು ಪ್ಯಾಂಡಾಕ್ ಒಂದೇ ಪ್ಯಾರಾ ಟ್ಯಾಗ್‌ನೊಳಗೆ ತುರುಕುತ್ತದೆ. ಆಗ ಸ್ಟ್ಯಾಕ್‌ಗೆ ಅವೆಲ್ಲ ಸೇರಿ ಒಂದೇ ವಸ್ತು! ಲುವಾ ಭಾಷೆಯಲ್ಲಿ ಬರೆದ ಪುಟ್ಟದೊಂದು ಫಿಲ್ಟರ್ (ಪ್ಯಾಂಡಾಕ್ ಕೆಲಸದ ನಡುವೆ ಓಡುವ ಕೋಡು) ಆ ಪ್ಯಾರಾವನ್ನು ಬಿಡಿಸಿ, ಚಿತ್ರಗಳಿಗೆ ಫ್ರಾಗ್ಮೆಂಟ್ ಅಂಟಿಸುತ್ತದೆ. 2.0 ಆವೃತ್ತಿಯಿಂದ ಲುವಾ ಪ್ಯಾಂಡಾಕ್‌ನೊಳಗೇ ಇರುವುದರಿಂದ ಶಾಲೆಯ ಕಂಪ್ಯೂಟರಿಗೆ ಬೇರೇನೂ ಹಾಕಬೇಕಿಲ್ಲ.

ತಾನಾಗಿ ಓಡುವ ಆಟೋಸ್ಲೈಡೂ ಇದೆ. ನನಗೆ ಬೇಡ, ಮಕ್ಕಳು ಪ್ರಶ್ನೆ ಕೇಳಿದಲ್ಲಿ ನಿಲ್ಲಬೇಕಲ್ಲ. ಪಿಡಿಎಫ್ ತೆಗೆದರೆ ಪ್ರತಿ ಹಂತವೂ ಒಂದೊಂದು ಪುಟವಾಗುತ್ತದೆ. ಹಾಗೆ ಪುಟ ಬೇರೆ ಮಾಡುವ ಸೆಟ್ಟಿಂಗ್ ಆಫ್ ಮಾಡಿದರೆ ಕೊನೆಯ ಮುಖ ಮಾತ್ರ ಕಾಣುವುದು, ಹಾಗಾಗಿ ಅದನ್ನು ಮುಟ್ಟಬೇಡಿ.