ನಕಾಶೆಗಿಂತ ಮೊದಲು ಕ್ಯಾಲೆಂಡರ್: ಪ್ರವಾಸದ ಕಾರ್ಯಕ್ರಮ ಹಾಕುವ ಕೆಲಸದಲ್ಲಿ ಕಲಿತದ್ದು

ಹುಬ್ಬಳ್ಳಿಯ ಒಂದು ಟ್ರಾವೆಲ್ಸ್ ಕಚೇರಿಯಲ್ಲಿ ಗುಂಪು ಪ್ರವಾಸಗಳ ಕಾರ್ಯಕ್ರಮ ಸಿದ್ಧಪಡಿಸುವುದು ನನ್ನ ಕೆಲಸ. ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆಯಿಂದ ನಮ್ಮಲ್ಲಿಗೆ ಬರುವವರು ಸಾಮಾನ್ಯವಾಗಿ ಒಂದು ಪಟ್ಟಿಯನ್ನು ಬರೆದುಕೊಂಡೇ ಬಂದಿರುತ್ತಾರೆ. ದಿಲ್ಲಿ, ಆಗ್ರಾ, ಜೈಪುರ ಎಂದು ಅದು ಆರಂಭವಾಗುತ್ತದೆ. ಅಮೃತಸರ, ಹರಿದ್ವಾರ, ಕಾಶಿ ಎಂದು ಬೆಳೆಯುತ್ತ ಹೋಗುತ್ತದೆ. ಕೊನೆಯಲ್ಲಿ ‘ಸಾಧ್ಯವಾದರೆ ಪುರಿ’ ಎಂದೂ ಇರುತ್ತದೆ. ಈ ಪಟ್ಟಿಯನ್ನು ಹಿಡಿದು ನಕಾಶೆಯ ಮೇಲೆ ಊರಿನಿಂದ ಊರಿಗೆ ಗೆರೆ ಎಳೆದರೆ ಕಾರ್ಯಕ್ರಮ ಮುಗಿಯಿತು ಎಂದು ಈ ಕೆಲಸಕ್ಕೆ ಹೊಸದಾಗಿ ಸೇರಿದವರೆಲ್ಲ ಭಾವಿಸುತ್ತಾರೆ. ಆದರೆ ನಕಾಶೆಯನ್ನು ಬಿಚ್ಚುವ ಮೊದಲು ಗೋಡೆಯ ಮೇಲಿನ ಕ್ಯಾಲೆಂಡರನ್ನು ಕೆಳಗಿಳಿಸಿಕೊಳ್ಳಬೇಕು. ನಮ್ಮ ಕಚೇರಿಯಲ್ಲಿ ಕಾರ್ಯಕ್ರಮದ ಹಾಳೆಯ ಮೊದಲ ಕಾಲಂ ಊರಿನದಲ್ಲ, ವಾರದ್ದು.

ಇದಕ್ಕೆ ಕಾರಣ ಸರಳವಾಗಿದೆ. ದೇಶದ ಹೆಸರಾಂತ ಸ್ಥಳಗಳಲ್ಲಿ ಹಲವು ವಾರಕ್ಕೊಂದು ದಿನ ಬಾಗಿಲು ಮುಚ್ಚುತ್ತವೆ, ಮತ್ತು ಎಲ್ಲವೂ ಒಂದೇ ದಿನ ಮುಚ್ಚುವುದಿಲ್ಲ. ತಾಜಮಹಲಿಗೆ ಶುಕ್ರವಾರ ಪ್ರವಾಸಿಗರಿಗೆ ಪ್ರವೇಶವಿಲ್ಲ. ದಿಲ್ಲಿಯ ಕೆಂಪುಕೋಟೆ, ಅಕ್ಷರಧಾಮ, ಕಮಲ ಮಂದಿರ, ರಾಷ್ಟ್ರೀಯ ವಸ್ತುಸಂಗ್ರಹಾಲಯಗಳಿಗೆ ಸೋಮವಾರ ರಜೆ. ಮುಂಬಯಿಯ ಎಲಿಫೆಂಟಾ ಗುಹೆಗಳಿಗೂ, ಗುಜರಾತಿನಲ್ಲಿರುವ 182 ಮೀಟರ್ ಎತ್ತರದ ಏಕತಾ ಪ್ರತಿಮೆಗೂ ಸೋಮವಾರವೇ ರಜೆ. ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯ ಶುಕ್ರವಾರ ತೆರೆಯುವುದಿಲ್ಲ. ನಮ್ಮ ಮನೆಯ ಬಾಗಿಲಲ್ಲೇ ಇರುವ ಬಾದಾಮಿ ಮತ್ತು ಕಮಲಾಪುರದ ಪುರಾತತ್ವ ವಸ್ತುಸಂಗ್ರಹಾಲಯಗಳ ರಜೆಯೂ ಶುಕ್ರವಾರವೇ; ಹಂಪಿ, ಬಾದಾಮಿಗಳಿಗೆ ಹಲವು ಸಲ ಹೋಗಿ ಬಂದವರಿಗೂ ಇದು ಗೊತ್ತಿರುವುದಿಲ್ಲ. ಹೀಗಿರುವಾಗ ದಿಲ್ಲಿ–ಆಗ್ರಾ–ಜೈಪುರ ಪ್ರವಾಸದಲ್ಲಿ ಶುಕ್ರವಾರವನ್ನು ದಿಲ್ಲಿಯಲ್ಲೋ ಜೈಪುರದಲ್ಲೋ, ಸೋಮವಾರವನ್ನು ದಿಲ್ಲಿಯಿಂದ ಹೊರಗೆ ಎಲ್ಲಾದರೂ ಕಳೆಯುವಂತೆ ಮಾಡಿಕೊಂಡರೆ ಉಳಿದದ್ದೆಲ್ಲ ತಾನಾಗಿಯೇ ಕೂಡಿಕೊಳ್ಳುತ್ತದೆ. ರೈಲಿನ ಟಿಕೆಟನ್ನು ಮೊದಲು ತೆಗೆಸಿ ಆಮೇಲೆ ವಾರ ನೋಡುವವರಿಗೆ ಈ ಅನುಕೂಲ ಸಿಗುವುದಿಲ್ಲ.

ವಾರದ ಲೆಕ್ಕ ಅತ್ಯಂತ ಸ್ವಾರಸ್ಯಕರವಾಗುವುದು ಅಜಂತಾ–ಎಲ್ಲೋರಾಗಳಲ್ಲಿ. ಅಜಂತಾಕ್ಕೆ ಸೋಮವಾರ ರಜೆ, ಎಲ್ಲೋರಾಕ್ಕೆ ಮಂಗಳವಾರ. ಹುಬ್ಬಳ್ಳಿಯಿಂದ ಭಾನುವಾರ ರಾತ್ರಿ ವಿಜಯಪುರ, ಸೊಲ್ಲಾಪುರದ ಮಾರ್ಗವಾಗಿ ಹೊರಡುವ ಗುಂಪಿಗೆ ಸೋಮವಾರ ಮತ್ತು ಮಂಗಳವಾರ ಎಂಬ ಎರಡೇ ದಿನ ಸಿಗುತ್ತವೆ ಎಂದುಕೊಳ್ಳೋಣ. ಅಜಂತಾದ ಹೆಸರು ದೊಡ್ಡದೆಂದು ಅದನ್ನು ಮೊದಲ ದಿನಕ್ಕೂ ಎಲ್ಲೋರಾವನ್ನು ಮರುದಿನಕ್ಕೂ ಇಟ್ಟರೆ ಎರಡೂ ಕಡೆ ಮುಚ್ಚಿದ ಗೇಟನ್ನು ನೋಡಿ ಮರಳಬೇಕಾಗುತ್ತದೆ. ಅದೇ ಎರಡು ದಿನಗಳಲ್ಲಿ ಕ್ರಮವನ್ನು ತಿರುಗಿಸಿ ಸೋಮವಾರ ಎಲ್ಲೋರಾ, ಮಂಗಳವಾರ ಅಜಂತಾ ಎಂದು ಮಾಡಿದರೆ ಎರಡೂ ಸಿಗುತ್ತವೆ. ಖರ್ಚಿನಲ್ಲಿ ಒಂದು ರೂಪಾಯಿಯ ವ್ಯತ್ಯಾಸವೂ ಆಗುವುದಿಲ್ಲ. ಹೊಸಬರಿಗೆ ಕೆಲಸ ಕಲಿಸುವಾಗ ನಾನು ಮೊದಲು ಕೊಡುವ ಲೆಕ್ಕ ಇದೇ.

ಎಲ್ಲೋರಾದ ವಿಷಯ ಬಂದಾಗ ಸ್ವಲ್ಪ ನಿಲ್ಲಬೇಕೆನಿಸುತ್ತದೆ, ಏಕೆಂದರೆ ಕನ್ನಡಿಗರು ಅದನ್ನು ಅವಸರದಲ್ಲಿ ನೋಡಿ ಬರುವುದು ನನಗೆ ಸರಿ ಕಾಣುವುದಿಲ್ಲ. ಹದಿನಾರನೆಯ ಗುಹೆಯಾದ ಕೈಲಾಸ ದೇವಾಲಯ ಎಂಟನೆಯ ಶತಮಾನದಲ್ಲಿ ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕಾಲದ್ದು. ಬಂಡೆಯನ್ನು ಮೇಲಿನಿಂದ ಕೆಳಕ್ಕೆ ಕಡಿಯುತ್ತ ಬಂದು ಗುಡಿಯನ್ನು ಬಿಡಿಸಿಕೊಂಡಿದ್ದಾರೆ. ಅದು ಪಶ್ಚಿಮಕ್ಕೆ ಮುಖ ಮಾಡಿರುವುದರಿಂದ ಮಧ್ಯಾಹ್ನದ ಮೇಲಿನ ಬಿಸಿಲು ಅದಕ್ಕೆ ಚೆನ್ನಾಗಿ ಒದಗುತ್ತದೆ. ಒಟ್ಟು 34 ಗುಹೆಗಳಲ್ಲಿ ಮೊದಲ 12 ಬೌದ್ಧರವು, 13ರಿಂದ 29 ವೈದಿಕ ಸಂಪ್ರದಾಯದವು, 30ರಿಂದ 34 ಜೈನರವು. ಈ ಜೈನ ಗುಹೆಗಳು ಉಳಿದವುಗಳಿಂದ ಒಂದು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿವೆ. ಕೈಲಾಸವನ್ನು ನೋಡಿ ದಣಿದವರು ಅಲ್ಲಿಯವರೆಗೆ ಹೋಗುವುದೇ ಇಲ್ಲ. ನಮ್ಮ ಭಾಗದ ಜೈನ ಕುಟುಂಬಗಳು ಗುಂಪಿನಲ್ಲಿದ್ದರೆ ನಾವು ಬೆಳಿಗ್ಗೆ ಅಲ್ಲಿಂದಲೇ ಆರಂಭಿಸುತ್ತೇವೆ. ನಂತರ ಬೌದ್ಧ ಗುಹೆಗಳು, ಊಟ, ಹತ್ತಿರದಲ್ಲೇ ಇರುವ ಘೃಷ್ಣೇಶ್ವರ ಜ್ಯೋತಿರ್ಲಿಂಗದ ದರ್ಶನ, ಕೊನೆಗೆ ಕೈಲಾಸ. ಅಜಂತಾದಲ್ಲಿ ಇಂಥ ಆಯ್ಕೆ ಇಲ್ಲ. ಅಲ್ಲಿ ನಮ್ಮ ಬಸ್ಸನ್ನು ಸುಮಾರು ನಾಲ್ಕು ಕಿಲೋಮೀಟರ್ ಆಚೆಯೇ ನಿಲ್ಲಿಸಿ, ಅಲ್ಲಿನ ಬಸ್ಸು ಹತ್ತಿ ಗುಹೆಗಳ ಬುಡಕ್ಕೆ ಹೋಗಬೇಕು. ಆ ಬಸ್ಸಿನ ಸರದಿಗೂ ಕಾರ್ಯಕ್ರಮದಲ್ಲಿ ಸಮಯ ತೆಗೆದಿಡಬೇಕಾಗುತ್ತದೆ.

ವಾರದ ಕಾಲಂ ತುಂಬಿದ ಮೇಲೆ ಬರುವುದು ಕಾಲಿನ ಕಾಲಂ. ಇದನ್ನು ಕಲಿಸಿದವರು ನಮ್ಮ ಗಿರಾಕಿಗಳೇ. “ಅಲ್ರೀ, ನಮ್ಮವ್ವಗ ಮೊಣಕಾಲ ಬ್ಯಾನಿ ಐತಿ, ಅಲ್ಲಿ ಪಾವಟಗಿ ಎಷ್ಟ ಅದಾವ್ರೀ?” ಎಂದು ಕೇಳುವವರಿಗೆ ‘ಜಾಸ್ತಿ ಇಲ್ಲ’ ಎಂದು ಹೇಳಿ ಮುಗಿಸುವುದು ಉತ್ತರವೇ ಅಲ್ಲ. ಎಲಿಫೆಂಟಾದಲ್ಲಿ ಗೇಟ್‌ವೇಯಿಂದ ಸುಮಾರು ಒಂದು ಗಂಟೆ ದೋಣಿಯಲ್ಲಿ ಹೋದ ಮೇಲೆ ನೂರಕ್ಕೂ ಹೆಚ್ಚು ಮೆಟ್ಟಿಲುಗಳಿವೆ. ಗೋಲ್ಕೊಂಡದ ತುದಿಗೆ ಮುನ್ನೂರಕ್ಕೂ ಹೆಚ್ಚು, ಶ್ರವಣಬೆಳಗೊಳದ ವಿಂಧ್ಯಗಿರಿಗೆ ಆರುನೂರಕ್ಕೂ ಹೆಚ್ಚು. ಬೆಳಗೊಳದಲ್ಲಂತೂ ಬರಿಗಾಲಲ್ಲಿ ಹತ್ತಬೇಕು. ಬಿಸಿಲೇರಿದ ಮೇಲೆ ಆ ಬಂಡೆಯ ಮೇಲೆ ಕಾಲಿಡಲು ಆಗುವುದಿಲ್ಲ. ಆದ್ದರಿಂದ ಅಲ್ಲಿಗೆ ಬೆಳಿಗ್ಗೆಯೇ ತಲುಪುವಂತೆ ಹಿಂದಿನ ರಾತ್ರಿಯ ವಸತಿಯನ್ನು ಆಯ್ದುಕೊಳ್ಳುತ್ತೇವೆ. ಕೇದಾರಕ್ಕೆ ಗೌರಿಕುಂಡದಿಂದ ಹದಿನಾರು ಕಿಲೋಮೀಟರಿಗೂ ಹೆಚ್ಚಿನ ಏರುದಾರಿ, ಮೂರೂವರೆ ಸಾವಿರ ಮೀಟರಿಗೂ ಮಿಗಿಲಾದ ಎತ್ತರ. ಇದನ್ನೆಲ್ಲ ಸೀಟು ಕಾಯ್ದಿರಿಸುವ ಮೊದಲೇ ಹೇಳಿದರೆ ಒಂದೆರಡು ಬುಕಿಂಗ್ ಕಡಿಮೆಯಾಗಬಹುದು, ಆಗಲಿ. ದಾರಿಯ ನಡುವೆ ಕುಳಿತುಬಿಟ್ಟ ಹಿರಿಯರನ್ನು ಸಂಭಾಳಿಸುವ ಕೆಲಸ ಟೂರ್ ಮ್ಯಾನೇಜರನ ಹೆಗಲಿಗೇ ಬೀಳುತ್ತದೆ.

ಮೂರನೆಯದು ಋತು. ನಮ್ಮ ಕಡೆ ಜನರು ಮಕ್ಕಳ ಶಾಲೆಯ ರಜೆ ನೋಡಿಕೊಂಡು ಹೊರಡುತ್ತಾರೆ, ಅದು ಸಹಜ. ಡಿಸೆಂಬರ್ ಕೊನೆಯಲ್ಲಿ ಆಗ್ರಾಕ್ಕೆ ಹೋದವರು ಮುಂಜಾನೆಯ ಮಂಜಿನಲ್ಲಿ ತಾಜಮಹಲಿನ ಗುಮ್ಮಟವನ್ನು ಹುಡುಕುತ್ತ ನಿಲ್ಲುವುದುಂಟು. ಉತ್ತರದ ರೈಲುಗಳೂ ಆ ದಿನಗಳಲ್ಲಿ ಗಂಟೆಗಟ್ಟಲೆ ತಡವಾಗುತ್ತವೆ. ಅದೇ ಕಾರ್ಯಕ್ರಮ ದಸರಾ ರಜೆಯಲ್ಲಿ ನಿರಾತಂಕವಾಗಿ ನಡೆಯುತ್ತದೆ. ಮಳೆಗಾಲದಲ್ಲಿ ಗಂಗೆ ಏರಿದಾಗ ಕಾಶಿಯಲ್ಲಿ ದೋಣಿಗಳನ್ನು ನಿಲ್ಲಿಸುತ್ತಾರೆ, ದಶಾಶ್ವಮೇಧ ಘಾಟಿನ ಆರತಿಯನ್ನೂ ಮೇಲಕ್ಕೆ ಸ್ಥಳಾಂತರಿಸುತ್ತಾರೆ. ಕೇದಾರದ ಬಾಗಿಲು ದೀಪಾವಳಿಯ ಹೊತ್ತಿಗೆ ಮುಚ್ಚುತ್ತದೆ. ‘ಹಬ್ಬ ಮುಗಿಸಿಕೊಂಡು ಹೋಗೋಣ’ ಎನ್ನುವವರಿಗೆ ಪ್ರತಿ ವರ್ಷವೂ ಇದನ್ನು ಹೇಳಬೇಕಾಗುತ್ತದೆ. ಸ್ವಾತಂತ್ರ್ಯ ದಿನಕ್ಕೆ ಮುಂಚಿನ ದಿನಗಳಲ್ಲಿ ಕೆಂಪುಕೋಟೆ ಸಾರ್ವಜನಿಕರಿಗೆ ತೆರೆದಿರುವುದಿಲ್ಲ. ಭಾನುವಾರ ಸಂಜೆ ಮೈಸೂರಿನಲ್ಲಿದ್ದವರಿಗೆ ಅರಮನೆಯ ದೀಪಾಲಂಕಾರ ಸಿಗುತ್ತದೆ. ಒಂದೊಂದು ಊರಿಗೂ ಇಂಥ ಒಂದೆರಡು ಸಂಗತಿಗಳಿರುತ್ತವೆ, ಅವುಗಳನ್ನು ಬರೆದಿಟ್ಟುಕೊಂಡ ನೋಟುಬುಕ್ಕೇ ನಮ್ಮ ಕಚೇರಿಯ ನಿಜವಾದ ಬಂಡವಾಳ.

ಬಾಗಿಲು ತೆರೆದಿದ್ದರೂ ಒಳಗೆ ಏನನ್ನು ಬಿಡುತ್ತಾರೆ ಎಂಬ ಪ್ರಶ್ನೆ ಉಳಿಯುತ್ತದೆ. ದಿಲ್ಲಿಯ ಅಕ್ಷರಧಾಮ, ಕಾಶಿ ವಿಶ್ವನಾಥ, ಪುರಿ ಜಗನ್ನಾಥ, ಈ ಮೂರೂ ಕಡೆ ಮೊಬೈಲ್ ಒಯ್ಯುವಂತಿಲ್ಲ. ಅಲ್ಲಿನ ಲಾಕರುಗಳ ಮುಂದೆ ಸರದಿಯಲ್ಲಿ ನಿಂತರೆ ಬೆಳಗಿನ ಅರ್ಧ ಹೊತ್ತು ಅಲ್ಲೇ ಕಳೆದುಹೋಗುತ್ತದೆ. ಆದ್ದರಿಂದ ನಾವು ಪ್ರತಿ ಕುಟುಂಬಕ್ಕೂ ಸೀಟು ಸಂಖ್ಯೆ ಬರೆದ ಒಂದೊಂದು ಬಟ್ಟೆಯ ಚೀಲ ಕೊಟ್ಟಿರುತ್ತೇವೆ. ಫೋನು, ಕ್ಯಾಮೆರಾ, ಚರ್ಮದ ಬೆಲ್ಟು ಎಲ್ಲವೂ ಅದರೊಳಗೆ ಸೇರಿ ಬಸ್ಸಿನಲ್ಲೇ ಕ್ಲೀನರನ ಸುಪರ್ದಿಗೆ ಹೋಗುತ್ತವೆ. ಫೋನ್ ಇಲ್ಲದೆ ಗುಂಪು ಚದುರಿದರೆ ಹುಡುಕುವುದು ಕಷ್ಟ. ಅದಕ್ಕಾಗಿ ಹೋಟೆಲಿನ ಹೆಸರು, ಬೀದಿಯ ಹೆಸರು, ಟೂರ್ ಮ್ಯಾನೇಜರನ ನಂಬರುಗಳನ್ನು ಹಿಂದಿಯಲ್ಲಿ ಬರೆದ ಒಂದು ಚೀಟಿಯನ್ನು ಪ್ರತಿಯೊಬ್ಬರ ಜೇಬಿನಲ್ಲೋ ಸೆರಗಿನ ಗಂಟಿನಲ್ಲೋ ಇಡಿಸುತ್ತೇವೆ. ಹಿಂದಿ ಬಾರದ ಅಜ್ಜಿಯೊಬ್ಬರು ಕಾಶಿಯ ಗಲ್ಲಿಗಳಲ್ಲಿ ದಾರಿ ತಪ್ಪಿ, ಸೈಕಲ್ ರಿಕ್ಷಾದವನಿಗೆ ಆ ಚೀಟಿ ತೋರಿಸಿ, ಉಳಿದವರಿಗಿಂತ ಮೊದಲೇ ಹೋಟೆಲು ಸೇರಿ ಚಹಾ ಕುಡಿಯುತ್ತ ಕುಳಿತಿದ್ದರು.

ಊಟದ ಬಗ್ಗೆ ಒಂದೇ ಮಾತು. ನಮ್ಮವರು ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿಯ ಗಂಟಿಲ್ಲದೆ ಉತ್ತರಕ್ಕೆ ಹೊರಡುವುದಿಲ್ಲ. ತಾಜಮಹಲಿನ ಒಳಗೆ ತಿನಿಸಿಗೆ ಅವಕಾಶವಿಲ್ಲ; ಪೆಟ್ರೋಲ್, ಡೀಸೆಲ್ ವಾಹನಗಳೂ ಅದರ ಹತ್ತಿರಕ್ಕೆ ಬರುವಂತಿಲ್ಲವಾದ್ದರಿಂದ ಗೇಟಿನಲ್ಲಿ ತಡೆದ ಗಂಟನ್ನು ಮತ್ತೆ ಬಸ್ಸಿನವರೆಗೆ ಹೊತ್ತು ತರಬೇಕು. ಬಸ್ಸಿನಿಂದ ಇಳಿಯುವ ಮೊದಲೇ ಉಪಾಹಾರ ಮುಗಿಸುವುದು ನಮ್ಮ ನಿಯಮ.

ಹೊರ ರಾಜ್ಯಗಳಿಂದ ಹುಬ್ಬಳ್ಳಿಗೆ ಬಂದಿಳಿಯುವ ಗುಂಪುಗಳಿಗೆ ಕಾರ್ಯಕ್ರಮ ಹಾಕುವಾಗಲೂ ಇದೇ ಕ್ರಮವನ್ನು ಅನುಸರಿಸುತ್ತೇವೆ. ಅವರ ಪಟ್ಟಿಯಲ್ಲಿ ಹಂಪಿ, ಬಾದಾಮಿ, ಪಟ್ಟದಕಲ್ಲು ಇರುತ್ತವೆ, ಲಕ್ಕುಂಡಿ ಇರುವುದಿಲ್ಲ. ಹುಬ್ಬಳ್ಳಿಯಿಂದ ಗದಗ ದಾಟಿ ಹಂಪಿಗೆ ಹೋಗುವ ಹೆದ್ದಾರಿಯ ಪಕ್ಕದಲ್ಲೇ ಆ ಊರಿದೆ. ಅತ್ತಿಮಬ್ಬೆ ಕಟ್ಟಿಸಿದ ಜಿನಾಲಯ, ಕಾಶಿ ವಿಶ್ವನಾಥ ದೇವಾಲಯದ ಬಾಗಿಲವಾಡಗಳ ಕೆತ್ತನೆ, ಮೆಟ್ಟಿಲುಬಾವಿ, ಇಷ್ಟನ್ನು ಎರಡು ತಾಸಿನಲ್ಲಿ ನೋಡಬಹುದು. ಹತ್ತಬೇಕಾದ ಗುಡ್ಡವಿಲ್ಲ, ಬಸ್ಸು ಊರೊಳಗೇ ಹೋಗುತ್ತದೆ. ವಿಮಾನ ತಡವಾದ ದಿನ ಲಕ್ಕುಂಡಿಯನ್ನು ಮರಳಿ ಬರುವ ದಾರಿಗೆ ಹಾಕಿ ನೇರವಾಗಿ ಹಂಪಿಗೆ ಕಳುಹಿಸುತ್ತೇವೆ, ಏಕೆಂದರೆ ವಿಜಯವಿಠ್ಠಲ ದೇವಾಲಯಕ್ಕೆ ಕೊನೆಯ ದಾರಿಯನ್ನು ಬ್ಯಾಟರಿ ವಾಹನದಲ್ಲಿ ಹೋಗಬೇಕು, ಆ ಸರದಿಯಲ್ಲಿ ಸಂಜೆಯಾಗಿಬಿಟ್ಟರೆ ಕಲ್ಲಿನ ರಥ ಮರುದಿನಕ್ಕೆ ಉಳಿಯುತ್ತದೆ. ಆ ಮರುದಿನ ಶುಕ್ರವಾರವಾಗಿದ್ದರೆ ಕಮಲಾಪುರದ ವಸ್ತುಸಂಗ್ರಹಾಲಯವನ್ನು ಕಾರ್ಯಕ್ರಮದಿಂದ ಕೈಬಿಟ್ಟು, ಆ ಹೊತ್ತನ್ನು ಹಜಾರರಾಮ ದೇವಾಲಯಕ್ಕೆ ಕೊಡುತ್ತೇವೆ.